ಕುಮಾರ ಗಂಧರ್ವರು ಒಂದೇ ಶ್ವಾಸಕೋಶದಲ್ಲಿ ಹಾಡಿದ್ದು ನಿಜವೇ? ಅವರ ಟಿಬಿ ವಾಸಿಯಾದದ್ದು ಸಂಗೀತದಿಂದಲೇ?

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿ, ದೇಶವೇ ತಲೆದೂಗುವಂತೆ ಹಾಡಿದ ಪಂಡಿತ ಕುಮಾರ ಗಂಧರ್ವರ ಬಗ್ಗೆ ಮೂರು ಮಾತುಗಳು ಆಗಾಗ ಕೇಳಿಬರುತ್ತವೆ. ಒಂದು, ಅವರು ಒಂದೇ ಶ್ವಾಸಕೋಶದಲ್ಲಿ ಹಾಡುತ್ತಿದ್ದರು. ಎರಡು, ಅವರ ಹೊಸ ಬಗೆಯ ಗಾಯನ ಹುಟ್ಟಿದ್ದೇ ಆ ಕಾಯಿಲೆಯಿಂದ. ಮೂರು, ಅವರ ಟಿಬಿ ವಾಸಿಯಾದದ್ದು ಸಂಗೀತ ಮತ್ತು ಮನೋಬಲದಿಂದ. ಇವುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ. ಮೂರನೆಯದು ಸುಳ್ಳು. ಅದನ್ನು ನಂಬಿದರೆ ಜೀವಕ್ಕೇ ಅಪಾಯ.

ಮೊದಲು, ನಡೆದದ್ದೇನು?

ಕುಮಾರ ಗಂಧರ್ವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಹುಟ್ಟುಹೆಸರು ಶಿವಪುತ್ರ. ದೊಡ್ಡ ಗಾಯಕರ ಗಾಯನವನ್ನು ಕೇಳಿ ಹಾಗೆಯೇ ಹಾಡಿಬಿಡುತ್ತಿದ್ದ ಈ ಹುಡುಗನಿಗೆ ಚಿಕ್ಕಂದಿನಲ್ಲೇ ‘ಕುಮಾರ ಗಂಧರ್ವ’ ಎಂಬ ಬಿರುದು ಬಂತು. ಮುಂದೆ ಮುಂಬಯಿಯಲ್ಲಿ ಪ್ರೊ. ಬಿ.ಆರ್. ದೇವಧರರ ಬಳಿ ಕಲಿತರು. 1947ರಲ್ಲಿ ಗಾಯಕಿ ಭಾನುಮತಿ ಅವರೊಂದಿಗೆ ಮದುವೆಯಾಯಿತು.

ಅದೇ ಹೊತ್ತಿಗೆ ಕ್ಷಯ ಕಾಣಿಸಿಕೊಂಡಿತು. ಒಣ ಹವೆ ಒಳ್ಳೆಯದೆಂದು ದಂಪತಿ 1948ರಲ್ಲಿ ಈಗಿನ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಹಾಡಿದರೆ ಜೀವಕ್ಕೇ ಕುತ್ತು ಎಂದು ವೈದ್ಯರು ಎಚ್ಚರಿಸಿದ್ದರು. ವರ್ಷಗಟ್ಟಲೆ ಹಾಸಿಗೆ, ವರ್ಷಗಟ್ಟಲೆ ಮೌನ. 1953ರ ಹೊತ್ತಿಗೆ ಅವರು ಮತ್ತೆ ವೇದಿಕೆ ಏರಿದಾಗ ಒಂದು ಶ್ವಾಸಕೋಶ ಬಹುತೇಕ ಕೆಲಸಕ್ಕೆ ಬಾರದಂತಾಗಿತ್ತು. ಆಮೇಲೆ 1992ರ ಜನವರಿ 12ರಂದು ತೀರಿಕೊಳ್ಳುವವರೆಗೆ, ಸುಮಾರು ನಾಲ್ಕು ದಶಕ, ಹಾಗೆಯೇ ಹಾಡಿದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು.

ಒಂದೇ ಶ್ವಾಸಕೋಶದಲ್ಲಿ ಹಾಡಲು ಆಗುತ್ತದೆಯೇ?

ಆಗುತ್ತದೆ. ಇದಕ್ಕೆ ಪವಾಡ ಬೇಕಿಲ್ಲ. ನಮ್ಮ ಕಡೆ ಪೇಟಿ ಎನ್ನುವ ಹಾರ್ಮೋನಿಯಂ ನೆನಪಿಸಿಕೊಳ್ಳಿ. ಅದರ ಹಿಂಬದಿಯ ತಿದಿ ಗಾಳಿ ಕೊಡುತ್ತದೆ. ಸ್ವರ ಹುಟ್ಟುವುದು ಒಳಗಿನ ಹಿತ್ತಾಳೆಯ ರೀಡುಗಳಲ್ಲಿ. ನಮ್ಮ ದೇಹದಲ್ಲಿ ಶ್ವಾಸಕೋಶವೇ ತಿದಿ. ರೀಡುಗಳ ಕೆಲಸ ಮಾಡುವುದು ಗಂಟಲಿನ ಧ್ವನಿತಂತುಗಳು. ಅವು ಎಷ್ಟು ಬಿಗಿಯಾಗುತ್ತವೆ, ಎಷ್ಟು ಉದ್ದವಾಗುತ್ತವೆ ಎಂಬುದರ ಮೇಲೆ ಸ್ವರದ ಏರಿಳಿತ ನಿಲ್ಲುತ್ತದೆ. ಬಾಯಿ, ಮೂಗು, ಗಂಟಲಿನ ಪೊಳ್ಳು ಜಾಗ ಆ ದನಿಗೆ ಬಣ್ಣ ಕೊಡುತ್ತದೆ.

ತಿದಿ ಚಿಕ್ಕದಾದರೆ ‘ಸಾ’ ಹೋಗಿ ‘ರೀ’ ಆಗುವುದಿಲ್ಲ. ಆದರೆ ಮತ್ತೆ ಮತ್ತೆ ಗಾಳಿ ತುಂಬಬೇಕಾಗುತ್ತದೆ. ಗಾಯಕರಿಗೂ ಹಾಗೆಯೇ. ಶ್ರುತಿ ಕೆಡುವುದಿಲ್ಲ, ರಾಗದ ತಿಳಿವಳಿಕೆ ಹೋಗುವುದಿಲ್ಲ. ಕಡಿಮೆಯಾಗುವುದು ಒಂದು ಉಸಿರಿನಲ್ಲಿ ಎಷ್ಟು ಹೊತ್ತು ಎಳೆಯಬಹುದು ಎಂಬುದು. ದೊಡ್ಡ ದನಿಯನ್ನು ತುಂಬ ಹೊತ್ತು ಹಿಡಿಯುವುದೂ ಕಷ್ಟವಾಗುತ್ತದೆ.

ಲೆಕ್ಕ ನೋಡಿ. ವಯಸ್ಕ ಗಂಡಸಿನ ಎರಡೂ ಶ್ವಾಸಕೋಶಗಳಲ್ಲಿ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತದೆ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ನಾವು ಬಳಸುವುದು ಅರ್ಧ ಲೀಟರ್ ಮಾತ್ರ. ಅಂದರೆ ದಿನನಿತ್ಯದ ಬದುಕಿಗೆ ಒಂದು ಶ್ವಾಸಕೋಶ ಸಾಕಾಗಬಹುದು. ಆದರೆ ದೀರ್ಘ ಆಲಾಪಕ್ಕೆ ಆ ಮೀಸಲು ಗಾಳಿಯೇ ಬಂಡವಾಳ. ಅದೇ ಅವರಿಗೆ ಕಡಿಮೆಯಾಗಿದ್ದು.

ಹೊಸ ಶೈಲಿ ಕಾಯಿಲೆಯ ಕೊಡುಗೆಯೇ?

ಅವರ ಧ್ವನಿಮುದ್ರಣ ಕೇಳಿದವರಿಗೆ ಇದು ಗೊತ್ತು: ಚಿಕ್ಕ ಚಿಕ್ಕ ಸ್ವರಗುಚ್ಛ, ಥಟ್ಟನೆ ಮೇಲಕ್ಕೆ ಜಿಗಿತ, ಮಿಂಚಿನಂಥ ತಾನ್, ನಡುವೆ ಮೌನ. ತೀರಾ ನಿಧಾನದ ವಿಲಂಬಿತಕ್ಕಿಂತ ಮಧ್ಯಲಯದತ್ತ ಒಲವು. ಉಸಿರಿನ ಮಿತಿಗೆ ಇದು ಸರಿಯಾಗಿ ಹೊಂದುತ್ತದೆ. ಹಾಗಾಗಿ ಕಾಯಿಲೆ ಶೈಲಿಯನ್ನು ತಿದ್ದಿತು ಎನ್ನುವುದರಲ್ಲಿ ಹುರುಳಿದೆ.

ಆದರೆ ಉಸಿರು ಕಡಿಮೆಯಾದರೆ ಹೊಸ ರಾಗ ಹುಟ್ಟುವುದಿಲ್ಲ. ಅದಕ್ಕೆ ಕಾರಣ ಅವರ ಕಿವಿ. ಗುರು ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಪಾಶ್ಚಾತ್ಯ ಸಂಗೀತ, ಧ್ವನಿ ಸಾಧನೆ ಎರಡನ್ನೂ ಅಭ್ಯಾಸ ಮಾಡಿದವರು. ಯಾವ ಘರಾಣೆಯದೇ ಆಗಲಿ, ಒಳ್ಳೆಯದನ್ನು ಕೇಳು ಎಂಬ ವಾತಾವರಣದಲ್ಲೇ ಶಿಷ್ಯ ಬೆಳೆದದ್ದು. ದೇವಾಸ್‌ನಲ್ಲಿ ಹಾಸಿಗೆ ಹಿಡಿದಾಗ ಹಾಡಲು ಬಾರದಿದ್ದರೂ ಕೇಳಲು ಅಡ್ಡಿ ಇರಲಿಲ್ಲ. ಮಾಳವ ಸೀಮೆಯ ಹೆಂಗಸರ ಹಾಡು, ಬೀದಿಯಲ್ಲಿ ಸಾಗುವ ನಾಥಪಂಥದ ಜೋಗಿಗಳ ಪದ ಕಿವಿಗೆ ಬೀಳುತ್ತಿದ್ದವು. ಜನಪದ ಧಾಟಿಯೊಳಗೆ ರಾಗದ ಬೀಜವಿದೆ ಎಂದು ಅವರು ಗುರುತಿಸಿದರು. ಮಾಲವತಿ, ಲಗನ ಗಾಂಧಾರ, ಸಹೇಲಿ ತೋಡಿಯಂಥ ರಾಗಗಳನ್ನು ಕಟ್ಟಿದರು. 1965ರಲ್ಲಿ ತಮ್ಮ ರಚನೆಗಳ ‘ಅನೂಪರಾಗವಿಲಾಸ’ ಪ್ರಕಟಿಸಿದರು. ಕಬೀರರ ನಿರ್ಗುಣ ಪದಗಳನ್ನು ಶಾಸ್ತ್ರೀಯ ವೇದಿಕೆಗೆ ತಂದರು. ನಮ್ಮಲ್ಲಿ ಶಿಶುನಾಳ ಶರೀಫರ ತತ್ವಪದ ಕೇಳಿ ಬೆಳೆದವರಿಗೆ ಆ ಪದಗಳ ಬನಿ ಬೇಗ ಹಿಡಿಸುತ್ತದೆ.

ಇಂದು ಕೊರಿಯಾದ ಪಾಪ್ ಗಾಯಕರು ಒಂದೇ ಆಲ್ಬಮ್‌ನಲ್ಲಿ ರ‍್ಯಾಪ್, ರಾಕ್, ಜಾಝ್ ಬೆರೆಸಿದರೆ ಹುಡುಗರು ಮೆಚ್ಚಿ ರೀಲ್ಸ್ ಹಂಚುತ್ತಾರೆ. ಏಳು ದಶಕಗಳ ಹಿಂದೆ ಕುಮಾರರು ಜನಪದ, ಭಜನೆ, ಖಯಾಲ್ ಇವುಗಳ ಗೋಡೆ ದಾಟಿದಾಗ ಮೆಚ್ಚಿದವರಷ್ಟೇ ಮುನಿಸಿಕೊಂಡ ಸಂಪ್ರದಾಯಸ್ಥರೂ ಇದ್ದರು. ಎಲ್ಲವನ್ನೂ ಕಾಯಿಲೆಯ ಖಾತೆಗೆ ಹಾಕಿದರೆ ಅವರ ಆ ದುಡಿಮೆ, ಧೈರ್ಯ ಎರಡನ್ನೂ ಮರೆತಂತಾಗುತ್ತದೆ.

ಟಿಬಿ ವಾಸಿ ಮಾಡಿದ್ದು ಯಾವುದು?

ಔಷಧ. ಅದರ ಹೆಸರು ಸ್ಟ್ರೆಪ್ಟೋಮೈಸಿನ್. ಟಿಬಿ ರೋಗಾಣುವನ್ನು ಹತ್ತಿಕ್ಕುವ ಈ ಮೊದಲ ಪರಿಣಾಮಕಾರಿ ಆ್ಯಂಟಿಬಯಾಟಿಕ್ ಅಮೆರಿಕದಲ್ಲಿ ಪತ್ತೆಯಾದದ್ದು 1943ರಲ್ಲಿ. ಬ್ರಿಟನ್ನಿನ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1948ರಲ್ಲಿ, ಅಂದರೆ ಕುಮಾರರು ದೇವಾಸ್‌ಗೆ ಹೋದ ವರ್ಷವೇ. ಅವರಿಗೂ ಅದೇ ಔಷಧ ಕೊಡಲಾಯಿತು. ಜೊತೆಗೆ ಪತ್ನಿ ಭಾನುಮತಿ ಅವರ ಆರೈಕೆ, ದೀರ್ಘ ವಿಶ್ರಾಂತಿ ಇದ್ದವು. ಹತ್ತು ವರ್ಷ ಮೊದಲು ಇದೇ ಕಾಯಿಲೆ ಬಂದಿದ್ದರೆ ಮನೋಬಲ ಎಷ್ಟಿದ್ದರೂ ಆ ಔಷಧ ಸಿಗುತ್ತಿರಲಿಲ್ಲ. ಸಂಗೀತ ಅವರಿಗೆ ಬದುಕುವ ಆಸೆ ಕೊಟ್ಟಿರಬಹುದು. ರೋಗಾಣು ಸಾಯುವುದು ಔಷಧದಿಂದ.

ಇಲ್ಲಿ ಇನ್ನೊಂದು ವಿಷಯವಿದೆ. ಶ್ವಾಸಕೋಶದ ಟಿಬಿ ಇದ್ದು ಚಿಕಿತ್ಸೆ ಶುರುವಾಗದವರು ಕೆಮ್ಮಿದಾಗಷ್ಟೇ ಅಲ್ಲ, ಹಾಡಿದಾಗಲೂ ರೋಗಾಣು ಗಾಳಿಗೆ ಸೇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಭಜನೆ ನಡೆದರೆ ಪಕ್ಕದಲ್ಲಿ ಕುಳಿತವರಿಗೂ ಹರಡಬಹುದು. ಆದ್ದರಿಂದ ‘ಹಾಡಿದರೆ ಟಿಬಿ ಹೋಗುತ್ತದೆ’ ಎಂಬ ಮಾತು ರೋಗಿಗೂ ಅಪಾಯ, ಊರಿಗೂ ಅಪಾಯ.

ನಿಮಗೆ ಅನುಮಾನ ಬಂದರೆ

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ಬೆಳಗಾವಿಯವರು ಬಿಮ್ಸ್ ಜಿಲ್ಲಾ ಆಸ್ಪತ್ರೆಗೆ, ಖಾನಾಪುರದವರು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ದೂರದ ಹಳ್ಳಿಯವರು ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ನೆರವೂ ಇದೆ. ಸಹಾಯವಾಣಿ: 1800-11-6666.

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಒಂದೆರಡು ತಿಂಗಳಲ್ಲೇ ಮೈ ಹಗುರಾಗಿ ‘ಆರಾಮಾಯ್ತು’ ಅನ್ನಿಸುತ್ತದೆ. ಮಾತ್ರೆ ಬಿಡುವುದು ಆಗಲೇ, ಕಾಯಿಲೆ ಔಷಧಕ್ಕೆ ಬಗ್ಗದಂತಾಗುವುದೂ ಆಗಲೇ. ಗುಣವಾದ ಮೇಲೆ ಮತ್ತೆ ಹಾಡಬಹುದೇ? ವೈದ್ಯರು ಒಪ್ಪಿದ ಮೇಲೆ ಹಾಡಬಹುದು. ಚಿಕ್ಕ ಸಾಲಿನಿಂದ ಶುರು ಮಾಡಿ, ಏದುಸಿರು ಬಂದರೆ ನಿಲ್ಲಿಸಿ.

ಫಾರ್ವರ್ಡ್ ಮಾಡುವುದಾದರೆ ಹೀಗೆ ಮಾಡಿ

“ಸುಳೇಭಾವಿಯ ಕುಮಾರ ಗಂಧರ್ವರಿಗೆ ಟಿಬಿ ಬಂತು. ಔಷಧ ತೆಗೆದುಕೊಂಡರು, ವರ್ಷಗಟ್ಟಲೆ ವಿಶ್ರಾಂತಿ ಪಡೆದರು. ಗುಣವಾದ ಮೇಲೆ, ಉಳಿದ ಉಸಿರಿನಲ್ಲಿ ನಾಲ್ಕು ದಶಕ ಹಾಡಿದರು. ಟಿಬಿ ಮಾತ್ರೆ ನಡುವೆ ಬಿಡಬೇಡಿ.”