ಪುಟ್ಟ ಮಕ್ಕಳೊಂದಿಗೆ ಥೀಮ್ ಪಾರ್ಕ್‌ಗೆ ಹೊರಟಿದ್ದೀರಾ? ಟಿಕೆಟ್ ಬುಕ್ ಮಾಡುವ ಮೊದಲು ಮಗುವಿನ ಎತ್ತರ ಅಳೆಯಿರಿ

ಬೇಸಿಗೆ ರಜೆ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡಿಗರ ಮನೆಗಳಿಗೆ ಊರಿನಿಂದ ನೆಂಟರು ಬರುತ್ತಾರೆ. ಅಜ್ಜಿ, ಅತ್ತೆ, ಅವರ ಮಕ್ಕಳು ಎಲ್ಲರೂ ಸೇರಿದಾಗ ಒಂದು ದಿನ ಥೀಮ್ ಪಾರ್ಕ್‌ಗೆ ಹೋಗೋಣ ಎಂಬ ಮಾತು ಬಂದೇ ಬರುತ್ತದೆ. ಆದರೆ ಸಾವಿರಾರು ರೂಪಾಯಿ ಖರ್ಚು ಮಾಡಿ ಒಳಗೆ ಹೋದ ಮೇಲೆ ನಾಲ್ಕು ವರ್ಷದ ಮಗುವಿಗೆ ಅರ್ಧಕ್ಕಿಂತ ಹೆಚ್ಚು ರೈಡ್‌ಗಳಿಗೆ ಪ್ರವೇಶವೇ ಇಲ್ಲ ಎಂದು ಗೊತ್ತಾದರೆ? ಮಗು ಅಳುತ್ತದೆ, ದೊಡ್ಡವರು ರೈಡ್ ಬಾಗಿಲಲ್ಲಿ ಸಿಬ್ಬಂದಿ ಜತೆ ವಾದಕ್ಕಿಳಿಯುತ್ತಾರೆ. ಪುಟ್ಟ ಮಕ್ಕಳಿರುವ ಕುಟುಂಬದ ಪ್ಲಾನ್ ಶುರುವಾಗಬೇಕಿರುವುದು ಪಾರ್ಕ್‌ನ ಜಾಹೀರಾತಿನಿಂದಲ್ಲ, ಮಗುವಿನ ಎತ್ತರದಿಂದ.

ವಯಸ್ಸಲ್ಲ, ಎತ್ತರವೇ ಲೆಕ್ಕ

ನಮ್ಮ ದೇಶದ ದೊಡ್ಡ ಪಾರ್ಕ್‌ಗಳಲ್ಲಿ ಮಕ್ಕಳ ಟಿಕೆಟ್ ಸಾಮಾನ್ಯವಾಗಿ ನಿಗದಿಯಾಗುವುದು ಎತ್ತರದ ಮೇಲೆ. ವಂಡರ್‌ಲಾ ಪಾರ್ಕ್‌ಗಳಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರವೇಶ ಉಚಿತ, 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಿದ್ದರೆ ದೊಡ್ಡವರ ಟಿಕೆಟ್. ಮುಂಬೈ-ಪುಣೆ ನಡುವೆ ಖೋಪೋಲಿ ಬಳಿ ಇರುವ ಇಮ್ಯಾಜಿಕಾದಲ್ಲೂ ಎತ್ತರವೇ ಮಾನದಂಡ. ನಿಯಮಗಳು ಆಗಾಗ ಬದಲಾಗುವುದರಿಂದ ಬುಕಿಂಗ್ ದಿನ ವೆಬ್‌ಸೈಟ್‌ನಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಮಗುವಿನ ಸರಾಸರಿ ಎತ್ತರ 2 ವರ್ಷಕ್ಕೆ 86-87 ಸೆಂ.ಮೀ., 3 ವರ್ಷಕ್ಕೆ 95-96, 5 ವರ್ಷಕ್ಕೆ 109-110. ಅಂದರೆ ಎರಡು ವರ್ಷ ತುಂಬುವ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಟಿಕೆಟ್ ಬೇಕಾಗುತ್ತದೆ. ಆದರೆ ದೊಡ್ಡ ರೋಲರ್ ಕೋಸ್ಟರ್‌ಗಳು ಕೇಳುವ ಎತ್ತರ 120-140 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಐದು ವರ್ಷದ ಮಗು ಅಲ್ಲಿಗೆ ತಲುಪಲು ಇನ್ನೂ ಕೆಲವು ವರ್ಷ ಬೇಕು.

ಹೀಗಾಗಿ ಮನೆಯಲ್ಲೇ ಚಪ್ಪಲಿ ಇಲ್ಲದೆ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ನಂತರ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ಆ ಎತ್ತರಕ್ಕೆ ಎಷ್ಟು ರೈಡ್ ಸಿಗುತ್ತವೆ ಎಂದು ಎಣಿಸಿ. ಆರೇಳು ಸಿಕ್ಕರೆ ಪುಟ್ಟ ಮಗುವಿಗೆ ಒಂದು ದಿನಕ್ಕೆ ಧಾರಾಳ. ಎರಡೋ ಮೂರೋ ಇದ್ದರೆ ಇನ್ನೊಂದು ವರ್ಷ ಕಾಯುವುದೇ ಲಾಭ. ಯಾವ ರೈಡ್ ಸಿಗುವುದಿಲ್ಲ ಎಂಬುದನ್ನೂ ಮಗುವಿಗೆ ಮನೆಯಲ್ಲೇ ಹೇಳಿ.

ಈ ನಿಯಮ ಏಕೆ?

‘ಎರಡು ಇಂಚು ತಾನೇ, ನಾನು ಹಿಡ್ಕೋತೀನಿ ಬಿಡಿ’ ಎಂದು ಸಿಬ್ಬಂದಿಯನ್ನು ಒತ್ತಾಯಿಸುವ ಪೋಷಕರಿದ್ದಾರೆ. ದಪ್ಪ ಅಟ್ಟೆಯ ಶೂ ಹಾಕಿಸಿ ಅಳತೆಪಟ್ಟಿ ದಾಟಿಸುವವರೂ ಇದ್ದಾರೆ. ಆದರೆ ಎತ್ತರದ ಮಿತಿ ಇರುವುದು ಸೀಟಿನ ರಕ್ಷಣಾ ವ್ಯವಸ್ಥೆಗಾಗಿ. ಭುಜದ ಮೇಲಿಂದ ಇಳಿಯುವ ಪಟ್ಟಿ ಮತ್ತು ತೊಡೆಯ ಮೇಲಿನ ಕಂಬಿ ಎರಡನ್ನೂ ನಿರ್ದಿಷ್ಟ ಗಾತ್ರದ ದೇಹಕ್ಕೆ ವಿನ್ಯಾಸ ಮಾಡಿರುತ್ತಾರೆ. ಮಗು ಚಿಕ್ಕದಾದರೆ ತಿರುವಿನಲ್ಲಿ ಪಟ್ಟಿಯ ಕೆಳಗಿನಿಂದ ಜಾರಬಹುದು. ಇಬ್ಬರಿಗೂ ಒಂದೇ ಕಂಬಿ ಇರುವ ಸೀಟಿನಲ್ಲಿ ಅದು ಅಪ್ಪನ ತೊಡೆಗೆ ತಾಗಿದ ಕೂಡಲೇ ನಿಲ್ಲುತ್ತದೆ. ಪಕ್ಕದ ಮಗುವಿನ ಮೇಲೆ ಖಾಲಿ ಜಾಗ ಉಳಿಯುತ್ತದೆ. ರೈಡ್ ವೇಗ ಪಡೆದ ಮೇಲೆ ಕೈಯಲ್ಲಿ ಹಿಡಿದುಕೊಳ್ಳುವ ಶಕ್ತಿ ಯಾರಿಗೂ ಸಾಲದು. ಚಿಕ್ಕ ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕುತ್ತಿಗೆಯ ಬಲ ಕಡಿಮೆ ಎಂಬುದನ್ನೂ ಮರೆಯಬಾರದು.

ಜಾರುಬಂಡಿಯಲ್ಲೂ ಇದೇ ಎಚ್ಚರ ಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ವಾಸ್ತವ ಬೇರೆ. ಮಗುವಿನ ಕಾಲು ಜಾರುಬಂಡಿಯ ಅಂಚಿಗೆ ಸಿಕ್ಕಿಕೊಂಡರೆ ದೊಡ್ಡವರ ಭಾರ ಅದನ್ನು ಮುಂದಕ್ಕೆ ತಳ್ಳುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತದೆ. ಮೂಳೆ ವೈದ್ಯರಿಗೆ ಪರಿಚಿತವಾದ ಗಾಯವಿದು.

ಯಾವಾಗ ಹೋಗಬೇಕು?

ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಮಹಾರಾಷ್ಟ್ರದಲ್ಲಿ ಮೇ ಆರಂಭದಿಂದ ಜೂನ್ ಮಧ್ಯದವರೆಗೆ, ತೆಲಂಗಾಣದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಜೂನ್ ಎರಡನೇ ವಾರದವರೆಗೆ. ಎಲ್ಲರ ರಜೆ ಕೂಡುವುದು ಮೇ ತಿಂಗಳಲ್ಲಿ. ಜನಸಂದಣಿ ಹೆಚ್ಚುವುದೂ ಆಗಲೇ. ಮಗು ಇನ್ನೂ ಶಾಲೆಗೆ ಸೇರದಿದ್ದರೆ ರಜೆಗೇ ಕಾಯುವ ಅಗತ್ಯವಿಲ್ಲ. ನವೆಂಬರ್‌ನಿಂದ ಫೆಬ್ರವರಿ ನಡುವಿನ ಒಂದು ಮಂಗಳವಾರವೋ ಬುಧವಾರವೋ ಹೋದರೆ ಬಿಸಿಲೂ ಕಡಿಮೆ, ಸರದಿ ಸಾಲೂ ಚಿಕ್ಕದು.

ಶನಿವಾರ ಬೆಳಗ್ಗೆ ಮುಂಬೈನಿಂದ ಲೋನಾವಳಾ ಕಡೆಗೆ, ಭಾನುವಾರ ಸಂಜೆ ವಾಪಸ್ ಬರುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುವುದುಂಟು. ಪುಣೆಯಿಂದ ಹೋಗುವವರು ಖಂಡಾಲಾ ಘಾಟ್ ಇಳಿಯಬೇಕು. ಪ್ರಯಾಣದಲ್ಲಿ ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮುನ್ನ ಹೊಟ್ಟೆ ತುಂಬಾ ತಿಂಡಿ ಬೇಡ. ಮಳೆಗಾಲದಲ್ಲಿ ಆ ಭಾಗದಲ್ಲಿ ಮಳೆ ಜೋರು. ಗುಡುಗು, ಮಿಂಚಿದ್ದರೆ ಹೊರಾಂಗಣದ ರೈಡ್‌ಗಳು ನಿಲ್ಲುತ್ತವೆ.

ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿ ಹರಡಿರುವುದು 1,666 ಎಕರೆಯಲ್ಲಿ. ಬಸ್ ಪ್ರವಾಸ, ನಡಿಗೆ ಎರಡೂ ಇರುವುದರಿಂದ ಮೂರು ವರ್ಷದೊಳಗಿನ ಮಗುವಿದ್ದರೆ ತಳ್ಳುಗಾಡಿ ಇರಲಿ. ಎಲ್ಲವನ್ನೂ ನೋಡುವ ಆಸೆ ಬಿಟ್ಟು ಮಕ್ಕಳ ವಿಭಾಗವಾದ ಫಂಡುಸ್ತಾನ್‌ಗೆ ಸಮಯ ಉಳಿಸಿಕೊಳ್ಳಿ.

ಹಣ ಎಲ್ಲಿ ಉಳಿಯುತ್ತದೆ?

ಸರದಿ ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಪುಟ್ಟ ಮಕ್ಕಳಿರುವ ಕುಟುಂಬಕ್ಕೆ ಹೆಚ್ಚಾಗಿ ವ್ಯರ್ಥ. ಉದ್ದದ ಸಾಲು ಇರುವುದು ಇಮ್ಯಾಜಿಕಾದ ನೈಟ್ರೋದಂಥ ದೊಡ್ಡ ರೈಡ್‌ಗಳಿಗೆ, ಅಲ್ಲಿ ಮಗುವಿಗೆ ಪ್ರವೇಶವೇ ಇಲ್ಲ. ಅದರ ಬದಲು ಪಾರ್ಕ್ ತೆರೆಯುವ ಹೊತ್ತಿಗೇ ಗೇಟ್‌ನಲ್ಲಿದ್ದರೆ ಮೊದಲ ಎರಡು ಗಂಟೆಯಲ್ಲಿ ಮಗುವಿನ ರೈಡ್‌ಗಳೆಲ್ಲ ಮುಗಿಯುತ್ತವೆ. ಹಿರಿಯ ನಾಗರಿಕರ ರಿಯಾಯಿತಿ ಇದೆಯೇ, ತೋರಿಸಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ನೋಡಿ. ಮುಖ್ಯವಾಗಿ ಟಿಕೆಟ್ ದಿನಾಂಕ ಬದಲಿಸಲು ಅವಕಾಶವಿದೆಯೇ ಎಂದು ಪರಿಶೀಲಿಸಿ. ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದರೆ ಟಿಕೆಟ್ ಹಾಳಾಗುತ್ತದೆಂದು ಕರೆದೊಯ್ಯುವ ಸ್ಥಿತಿ ಬರಬಾರದು.

ಹೊರಗಿನ ಊಟಕ್ಕೆ ಬಹುತೇಕ ಕಡೆ ನಿರ್ಬಂಧವಿದ್ದರೂ ಶಿಶು ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ನೀರಿನ ಆಟಗಳಿಗೆ ನೈಲಾನ್ ಅಥವಾ ಲೈಕ್ರಾ ಈಜುಡುಗೆ ಕಡ್ಡಾಯ. ಹತ್ತಿ ಬಟ್ಟೆ, ಜೀನ್ಸ್, ಸೀರೆಗೆ ಅವಕಾಶವಿರುವುದಿಲ್ಲ. ಮೊದಲೇ ಕೊಂಡೊಯ್ದರೆ ಅಲ್ಲಿನ ದುಬಾರಿ ಖರೀದಿ ತಪ್ಪುತ್ತದೆ. ಡೈಪರ್ ಹಾಕುವ ಮಗುವಿಗೆ ಈಜು ಡೈಪರ್ ಬೇಕು.

ದಿನ ಹೀಗಿರಲಿ

ಬೆಳಗ್ಗೆ ಮಕ್ಕಳ ರೈಡ್, ಮಧ್ಯಾಹ್ನ ಊಟ ಮತ್ತು ನಿದ್ದೆ, ಬಿಸಿಲು ಇಳಿದ ಮೇಲೆ ನೀರು. ಮಗು ದಿನವೂ ಮಲಗುವ ಹೊತ್ತಿಗೆ ಎಸಿ ಇರುವ ಜಾಗ ಅಥವಾ ನೆರಳು ಹುಡುಕಿ. ದೊಡ್ಡ ರೈಡ್ ಆಸೆ ಇರುವ ಅಪ್ಪ ಅಮ್ಮ ಈ ಸಮಯದಲ್ಲಿ ಪಾಳಿಯಲ್ಲಿ ಹೋಗಿ ಬರಬಹುದು. ಮೂತ್ರ ಕಡಿಮೆಯಾಗುವುದು, ಮಂಕಾಗುವುದು, ಕಾರಣವಿಲ್ಲದ ಕಿರಿಕಿರಿ ಇವೆಲ್ಲ ಬಿಸಿಲಿನ ಆಯಾಸದ ಲಕ್ಷಣಗಳು. ಕೂಡಲೇ ನೆರಳಿಗೆ ಕರೆದೊಯ್ದು ನೀರು ಅಥವಾ ಒಆರ್‌ಎಸ್ ಕುಡಿಸಿ. ಚೇತರಿಸಿಕೊಳ್ಳದಿದ್ದರೆ ತಡಮಾಡದೆ ಪಾರ್ಕ್‌ನ ಪ್ರಥಮ ಚಿಕಿತ್ಸಾ ಕೇಂದ್ರಕ್ಕೆ ಹೋಗಿ.

ಇಮ್ಯಾಜಿಕಾದ ಸಲೀಂಗಢದಂಥ ಕತ್ತಲೆಯ, ಭಯ ಹುಟ್ಟಿಸುವ ಜಾಗಗಳಿಗೆ ‘ಏನೂ ಆಗಲ್ಲ ಬಾ’ ಎಂದು ಮಗುವನ್ನು ಎಳೆದೊಯ್ಯಬೇಡಿ. ಹಗಲಿನ ಹೆದರಿಕೆ ರಾತ್ರಿ ನಿದ್ದೆಗೆಡಿಸುತ್ತದೆ.

ನೀರಿನಲ್ಲಿ ಕಣ್ಣು ಮಗುವಿನ ಮೇಲೆ

ಮುಳುಗುವ ಮಗು ಸಿನಿಮಾದಂತೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮೊಣಕಾಲು ಮುಳುಗದಷ್ಟು ನೀರೂ ಅಪಾಯಕಾರಿ. ಹತ್ತು ಮಂದಿ ದೊಡ್ಡವರಿದ್ದಾಗ ‘ಬೇರೆಯವರು ನೋಡುತ್ತಿದ್ದಾರೆ’ ಎಂದುಕೊಂಡು ಯಾರೂ ನೋಡದೇ ಇರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಒಬ್ಬೊಬ್ಬರಿಗೆ 20 ನಿಮಿಷದಂತೆ ಹೊಣೆ ಹಂಚಿ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇರಬಾರದು. ಗಾಳಿ ತುಂಬಿದ ಟ್ಯೂಬ್ ಆಟಿಕೆ ಮಾತ್ರ, ಅದು ಲೈಫ್ ಜಾಕೆಟ್‌ಗೆ ಸಮವಲ್ಲ.

ತಪ್ಪಿಸಿಕೊಂಡರೆ?

ಗೇಟ್‌ನಲ್ಲೇ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ. ಅಂದು ಹಾಕಿದ ಬಟ್ಟೆ ಯಾವುದೆಂದು ಗಾಬರಿಯಲ್ಲಿ ನೆನಪಾಗುವುದಿಲ್ಲ. ಮೊಬೈಲ್ ಸಂಖ್ಯೆ ಬರೆದ ಪಟ್ಟಿ ಮಗುವಿನ ಕೈಯಲ್ಲಿರಲಿ. ಊರಿನಿಂದ ಬಂದ ಮಗುವಿಗೆ ಮರಾಠಿ, ತೆಲುಗು, ಹಿಂದಿ ಬರದೇ ಇರಬಹುದು. ಅಮ್ಮನ ಹೆಸರು ಕೇಳಿದರೆ ‘ಅಮ್ಮ’ ಎಂದಷ್ಟೇ ಹೇಳುವ ವಯಸ್ಸದು. ಅಪ್ಪ, ಅಮ್ಮನ ಪೂರ್ತಿ ಹೆಸರು ಹೇಳಲು, ದಾರಿ ತಪ್ಪಿದರೆ ನಿಂತಲ್ಲೇ ನಿಂತು ಸಮವಸ್ತ್ರದ ಸಿಬ್ಬಂದಿಗೆ ಕೈಪಟ್ಟಿ ತೋರಿಸಲು ಮೊದಲೇ ಕಲಿಸಿ. ಮಗು ಕಾಣದಿದ್ದರೆ ಕೂಡಲೇ ಸಿಬ್ಬಂದಿಗೆ ತಿಳಿಸಿ. ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098.

ಪರವಾನಗಿಯೂ ಮುಖ್ಯ

2024ರ ಮೇ 25ರಂದು, ಬೇಸಿಗೆ ರಜೆಯ ಶನಿವಾರ, ಗುಜರಾತ್‌ನ ರಾಜ್‌ಕೋಟ್‌ನಲ್ಲಿ ಗೇಮ್ ಝೋನ್ ಒಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸತ್ತರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಮಾಲ್‌ನ ಆಟದ ಕೋಣೆಯಿರಲಿ, ಜಾತ್ರೆಯ ತೊಟ್ಟಿಲಿರಲಿ, ದೊಡ್ಡ ಪಾರ್ಕ್ ಇರಲಿ, ಒಳಗೆ ಹೋದ ಕೂಡಲೇ ಹೊರಬಾಗಿಲು ಎಷ್ಟಿವೆ, ಎಲ್ಲಿವೆ ಎಂದು ನೋಡಿಕೊಳ್ಳಿ. ಸೀಟಿನ ಕೊಂಡಿ ಸಡಿಲವಾಗಿದ್ದರೆ ಅಥವಾ ಸಿಬ್ಬಂದಿ ಅದನ್ನು ಎಳೆದು ನೋಡದೆ ರೈಡ್ ಶುರುಮಾಡುತ್ತಿದ್ದರೆ ಕೊಟ್ಟ ಹಣದ ಲೆಕ್ಕ ಹಾಕದೆ ಇಳಿದುಬಿಡಿ.

ಎತ್ತರ ಸಾಲದೆಂದು ಮಗುವನ್ನು ವಾಪಸ್ ಕಳಿಸುವ ಸಿಬ್ಬಂದಿಯ ಮೇಲೆ ಸಿಟ್ಟಾಗುವ ಬದಲು, ಅಲ್ಲಿ ನಿಯಮ ಪಾಲನೆಯಾಗುತ್ತಿದೆ ಎಂದು ಸಮಾಧಾನಪಡಿ. ಆ ರೈಡ್ ಎಲ್ಲಿಗೂ ಹೋಗುವುದಿಲ್ಲ. ಮಗು ಬೆಳೆದ ಮೇಲೆ ಮತ್ತೆ ಬಂದರಾಯಿತು.