ವಾಕ್ಪಾರುಷ್ಯವೂ ದಾಯವಿಭಾಗವೂ

ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾವು ತರಗತಿಗಳಲ್ಲಿ ರಾಜನೀತಿಯ ಗ್ರಂಥವೆಂದೇ ಬೋಧಿಸುತ್ತೇವೆ. ಅದರ ಮೂರನೆಯ ಅಧಿಕರಣದಲ್ಲಿರುವ ವಾಕ್ಪಾರುಷ್ಯ ಪ್ರಕರಣದತ್ತ ವಿದ್ಯಾರ್ಥಿಗಳ ಗಮನ ಹರಿಯುವುದು ವಿರಳ. ಅಂಗವಿಕಲರನ್ನು ಕುರಿತ ನುಡಿಗೂ ಸಮಾಜದ ಮನೋಭಾವಕ್ಕೂ ಇರುವ ಸಂಬಂಧವನ್ನು ಅರಿಯಬಯಸುವವರಿಗೆ ಅದು ಅಮೂಲ್ಯವಾದ ಆಕರವಾಗಿದೆ.

ಒಕ್ಕಣ್ಣನನ್ನು ಒಕ್ಕಣ್ಣನೆಂದೂ ಕುಂಟನನ್ನು ಕುಂಟನೆಂದೂ ಮೂದಲಿಸಿದವನಿಗೆ, ಮಾತು ನಿಜವೇ ಆಗಿದ್ದರೂ, 3 ಪಣಗಳ ದಂಡ. ಇಲ್ಲದ ಊನವನ್ನು ಆರೋಪಿಸಿದವನಿಗೆ 6 ಪಣ. ಆದರೆ ಕಣ್ಣು ಕಳೆದುಕೊಂಡವನನ್ನು ಚೆಲುಗಣ್ಣಿನವನೆಂದು ಹೊಗಳುವ ನೆಪದಲ್ಲಿ ಹಂಗಿಸಿದರೆ 12 ಪಣ! ಶಾಸ್ತ್ರಕಾರನು ಇದನ್ನು ಸ್ತುತಿನಿಂದೆಯೆಂದು ಕರೆದಿದ್ದಾನೆ. ಬರಿಯ ಸುಳ್ಳಿಗಿಂತಲೂ ಹೊಗಳಿಕೆಯ ವೇಷ ತೊಟ್ಟ ನಿಂದೆಯೇ ಹೆಚ್ಚು ಘೋರವೆಂದು ಕಂಡುಕೊಂಡ ಆತನ ಲೋಕಾನುಭವ ಸಾಮಾನ್ಯವಾದುದಲ್ಲ. ಈ ಅಳತೆಯಾದರೋ ಸಮಾನರ ನಡುವಿನದು. ಮೇಲಿನವರನ್ನು ಹಳಿದರೆ ಇಮ್ಮಡಿ, ಕೆಳಗಿನವರನ್ನು ಹಳಿದರೆ ಅರ್ಧ. ಮನುಸ್ಮೃತಿಯೂ ಎಂಟನೆಯ ಅಧ್ಯಾಯದಲ್ಲಿ ಇಂಥ ಮಾತಿಗೆ, ನಿಜವಾಗಿದ್ದರೂ, ದಂಡವನ್ನು ವಿಧಿಸುತ್ತದೆ.

ಇಷ್ಟನ್ನೇ ಓದಿ, ಪ್ರಾಚೀನ ಭಾರತವು ಅಂಗವಿಕಲರನ್ನು ಸಮಾನವಾಗಿ ಕಂಡಿತೆಂದು ತೀರ್ಮಾನಿಸುವುದು ಆತುರವಾದೀತು. ಕೌಟಿಲ್ಯನ ಅದೇ ಅಧಿಕರಣದ ದಾಯವಿಭಾಗ ಪ್ರಕರಣವನ್ನು ನೋಡಿದರೆ, ಜಡ, ಉನ್ಮತ್ತ, ಅಂಧ, ಕುಷ್ಠರೋಗಿಗಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಅನ್ನವಸ್ತ್ರಗಳು ಮಾತ್ರ ಉಂಟು. ಮನುವು ಹುಟ್ಟುಕುರುಡ, ಕಿವುಡ, ಮೂಗರನ್ನೂ ಹೊರಗಿಟ್ಟನು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನೂ ಮಿತಾಕ್ಷರದಲ್ಲಿ ಈ ನಿಯಮವನ್ನು ಉಳಿಸಿಕೊಂಡು, ಅಂಥವರ ದೋಷರಹಿತರಾದ ಪುತ್ರರಿಗೆ ಪಾಲುಂಟೆಂದನು. ಬೀದಿಯಲ್ಲಿ ಯಾರೂ ಕುರುಡನೆಂದು ಮೂದಲಿಸದಂತೆ ಕಾಯ್ದ ಶಾಸ್ತ್ರವೇ, ಮನೆಯೊಳಗೆ ಆಸ್ತಿ ಹಂಚುವಾಗ ಅವನ ಕುರುಡನ್ನು ಎತ್ತಿ ಎಣಿಸಿತು.

ಈ ಅನರ್ಹತೆ ಬಹುಕಾಲ ನಡೆಯಿತು. ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾಯಿದೆಯು, ಹುಟ್ಟಿನಿಂದ ಬುದ್ಧಿವಿಕಲರಾದವರನ್ನುಳಿದು, ಮಿತಾಕ್ಷರಕ್ಕೊಳಪಟ್ಟ ಇತರರಿಗೆ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೆಯ ಪ್ರಕರಣವು ರೋಗ, ಊನ, ವಿರೂಪಗಳ ಕಾರಣದಿಂದ ಉತ್ತರಾಧಿಕಾರವನ್ನು ನಿರಾಕರಿಸುವುದನ್ನು ಸಂಪೂರ್ಣವಾಗಿ ತೊಡೆದುಹಾಕಿತು.

ಹೆಸರುಗಳ ಬದಲಾವಣೆಯಾದರೋ ಇನ್ನೂ ನಿಂತಿಲ್ಲ. ಕುರುಡ, ಕುಂಟ, ಮೂಗ ಎಂಬ ಮಾತುಗಳು ವ್ಯಕ್ತಿಯ ಸ್ವಂತ ಹೆಸರನ್ನೇ ನುಂಗಿಬಿಡುತ್ತವೆಂಬುದು ನಿಜ. ಅವುಗಳ ಬದಲಿಗೆ ಅಂಗವಿಕಲ ಬಂದಿತು. ಬಳಿಕ ಸರ್ಕಾರಿ ಕನ್ನಡದಲ್ಲಿ ವಿಕಲಚೇತನ ನೆಲೆಗೊಂಡಿತು. ಅಂಗಕ್ಕೆ ಮಾತ್ರ ಇದ್ದ ವೈಕಲ್ಯವನ್ನು ಚೇತನಕ್ಕೂ ಹಚ್ಚಿದ ಈ ಸಮಾಸವು ಗೌರವದ ಮಾತೆಂದು ಹೇಗೆ ಎಣಿಸಲ್ಪಟ್ಟಿತೋ ನಮಗೆ ತಿಳಿಯದು. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ ದಿವ್ಯಾಂಗ ಎಂಬ ಪದವನ್ನು ಸೂಚಿಸಿದಾಗ, ಅಂಗವಿಕಲರ ಹಲವು ಸಂಘಟನೆಗಳೇ ಅದನ್ನು ವಿರೋಧಿಸಿದವು. ತಮ್ಮ ಊನದಲ್ಲಿ ದೈವಿಕವಾದುದೇನೂ ಇಲ್ಲ, ಬೇಕಾದುದು ಹಕ್ಕು ಎಂಬುದು ಅವರ ವಾದ. ಸದುದ್ದೇಶದ ಮಾತನ್ನು ಸ್ತುತಿನಿಂದೆಯೊಡನೆ ಸಮೀಕರಿಸುವುದು ನ್ಯಾಯವಲ್ಲ. ಆದರೂ ಕೇಳಿದವರ ಕಿವಿಗೆ ಎರಡೂ ದೂರದವಾಗಿ ತೋರಲಿಲ್ಲ.

ಮರುವರ್ಷದ, ಎಂದರೆ 2016ರ, ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಕೌಟಿಲ್ಯನ ಎರಡು ಪ್ರಕರಣಗಳ ವಿಷಯವೂ ಒಂದೆಡೆ ಸೇರಿದೆ. 13ನೆಯ ಪ್ರಕರಣವು ಆಸ್ತಿಯಲ್ಲಿ ಸಮಾನವಾದ ಹಕ್ಕನ್ನು ಹೇಳುತ್ತದೆ. 92ನೆಯದು ಸಾರ್ವಜನಿಕರೆದುರು ಬೇಕೆಂದೇ ಅವಮಾನಿಸಿದವರಿಗೆ 6 ತಿಂಗಳಿಗೆ ಕಡಮೆಯಿಲ್ಲದ, 5 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಸ್ತುತಿನಿಂದೆಯನ್ನು ಅದು ಪ್ರತ್ಯೇಕವಾಗಿ ಹೆಸರಿಸಿಲ್ಲ.