ಎರಡು ಎಳೆಯ ಮೇಲೆ ಸಪ್ಪಳ

ಫೋನು, ಲ್ಯಾಪ್‌ಟಾಪುಗಳ ಒಳಗೆ ಹಾಡು ಒಯ್ಯಲು ಒಂದು ದಾರಿ, ಅಪ್ಪಣೆ ಒಯ್ಯಲು ಇನ್ನೊಂದು ದಾರಿ ಎಂಬ ವ್ಯವಸ್ಥೆ ಬಹಳ ಕಾಲ ನಡೆಯಿತು. ಫಿಲಿಪ್ಸ್ ಕಂಪನಿ 1986ರಲ್ಲಿ ಕೊಟ್ಟ ಐಟುಎಸ್ ತಂತಿಗಳಲ್ಲಿ ಹಾಡು ಹರಿಯುತ್ತಿತ್ತು. ದನಿ ಏರಿಸು, ಇಳಿಸು ಎನ್ನಲು ಐಟುಸಿ ಎಂಬ ಬೇರೆ ತಂತಿ ಬೇಕಿತ್ತು. ಮೈಕುಗಳಿಗೆ ಮತ್ತೆ ಬೇರೆಯದೇ ತಂತಿ. ಮೈಕು, ಸ್ಪೀಕರುಗಳು ಹೆಚ್ಚಿದಂತೆ ಬೋರ್ಡಿನಲ್ಲಿ ಜಾಗ ಸಾಲದಾಯಿತು. 2014ರಲ್ಲಿ ಮೊಬೈಲ್ ಉದ್ಯಮದ ಮಿಪಿ ಒಕ್ಕೂಟ ‘ಸೌಂಡ್‌ವೈರ್’ ಎಂಬ ಮಾನದಂಡ ತಂದಿತು. ಗಡಿಯಾರದ್ದು ಒಂದು ಎಳೆ, ದತ್ತಾಂಶದ್ದು ಒಂದು ಎಳೆ. ಅವೆರಡರ ಮೇಲೆಯೇ 11 ಚಿಪ್‌ಗಳವರೆಗೆ ಕೂರಿಸಬಹುದು.

ಕಾಗದದ ಮೇಲೆ ಮಾನದಂಡ ಬಂದ ಮಾತ್ರಕ್ಕೆ ಸ್ಪೀಕರ್ ಮಾತಾಡುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಈ ತಂತಿಯ ಪರಿಚಯ ಮಾಡಿಸುವ ಕೆಲಸ ಹೆಚ್ಚಾಗಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಇಂಟೆಲ್‌ನ ಆಡಿಯೊ ತಂಡದಲ್ಲಿ. ಮೊದಲ ಕರಡು 2016ರಲ್ಲಿ ಹೊರಬಿತ್ತು. ವಿನೋದ್ ಕೌಲ್, ಸನ್ಯೋಗ್ ಕಾಳೆ ಮುಂದಾಳತ್ವದಲ್ಲಿ 2017ರ ಕೊನೆಗೆ ಅದು ಮತ್ತೆ ಪರಿಶೀಲನೆಗೆ ಬಂತು. 2018ರ ಏಪ್ರಿಲ್ 1ರಂದು ಬಿಡುಗಡೆಯಾದ 4.16ನೇ ಕರ್ನೆಲ್‌ನಲ್ಲಿ ಸೇರಿತು. ಮೂರ್ಖರ ದಿನವೇ ಹೌದು, ಆದರೆ ಬಿಡುಗಡೆ ನಿಜದ್ದು.

ಕೋಡ್ ತೆರೆದು ನೋಡಿದರೆ ಸೊಗಸಾದ ಭಾಗವೆಂದರೆ ಚಿಪ್‌ಗಳಿಗೆ ಸಂಖ್ಯೆ ಕೊಡುವ ಕ್ರಮ. ಕರೆಂಟು ಬಂದಾಗ ಎಲ್ಲ ಚಿಪ್‌ಗಳೂ ತಮ್ಮ ಸಂಖ್ಯೆ ಸೊನ್ನೆ ಎಂದೇ ಹೇಳುತ್ತವೆ. ಕರ್ನೆಲ್ ಸೊನ್ನೆಯವರ ಗುರುತು ಕೇಳುತ್ತದೆ. ಎಲ್ಲವೂ ಒಟ್ಟಿಗೇ ತಮ್ಮ 48 ಬಿಟ್‌ಗಳ ಗುರುತು ಒದರಲು ಶುರುಮಾಡುತ್ತವೆ. ತಂತಿಯ ಮೇಲೆ ಒಂದಕ್ಕೊಂದು ತಾಕಲಾಡಿದಾಗ ಸೋತ ಚಿಪ್ ತಾನೇ ಸುಮ್ಮನಾಗುತ್ತದೆ, ಗೆದ್ದದ್ದಕ್ಕೆ ಸಂಖ್ಯೆ ಸಿಗುತ್ತದೆ. ಮತ್ತೆ ಸೊನ್ನೆಯವರು ಯಾರೆಂಬ ಪ್ರಶ್ನೆ. ಯಾರೂ ಓಗೊಡದ ತನಕ ಇದೇ ಸುತ್ತು.

ಹಾಡು ನಡೆಯುತ್ತಿರುವಾಗಲೇ ಹೊಸ ಮೈಕು ಸೇರಿಸಬೇಕಾದರೆ ಇನ್ನೊಂದು ಉಪಾಯ. ಪ್ರತಿ ಚಿಪ್‌ನಲ್ಲೂ ಹೊಂದಿಕೆಗಳ ಎರಡು ಕಂತೆ. ಬಳಕೆಯಲ್ಲಿಲ್ಲದ ಕಂತೆಯಲ್ಲಿ ಹೊಸದನ್ನು ಬರೆದಿಟ್ಟು, ಎಲ್ಲರಿಗೂ ಒಮ್ಮೆಲೇ ‘ಬದಲಾಯಿಸಿ’ ಎಂಬ ಒಂದೇ ಅಪ್ಪಣೆ. ಒಂದು ಚಿಪ್ ಮುಂಚೆ, ಇನ್ನೊಂದು ತಡವಾಗಿ ಬದಲಾದರೆ ಹಾಡು ಕೆಡುತ್ತದೆ.

ಇಷ್ಟೆಲ್ಲ ಇಂಟೆಲ್ ಖರ್ಚಿನಲ್ಲಿ ಬರೆದದ್ದು. ಹಾಗಾದರೆ ಇದು ಇಂಟೆಲ್ ಸೊತ್ತೋ, ಎಲ್ಲರದ್ದೋ? ಜಿಪಿಎಲ್ ಅಥವಾ ಬಿಎಸ್‌ಡಿ, ಯಾವುದಾದರೊಂದು ಮುಕ್ತ ಪರವಾನಗಿ ಆರಿಸಿಕೊಳ್ಳಿ ಎಂದು ಕೋಡ್ ಕಡತದ ನೆತ್ತಿಯಲ್ಲೇ ಬರೆದಿದೆ. ನನಗೆ ಆ ಸಾಲಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ಬೇರೆಯವರ ಚಿಪ್ ಇದೇ ಕೋಡ್‌ನ ಮೇಲೆ ಓಡಿದಾಗಲಷ್ಟೇ ಅದು ಖರೆ. ಅದಕ್ಕೆ ದಾರಿ ಕೋಡ್‌ನಲ್ಲೇ ಇದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹತ್ತಿ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಬೇರೆ ಬೇರೆ ಹಾಕಿ, ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಕೂಡಿಸುತ್ತಾರಲ್ಲ, ಆ ಕೊಂಡಿಯ ಜಾಗದಲ್ಲಿ ಇಲ್ಲಿ ನಿಂತಿರುವುದು ಕೋಡ್‌ನ ನಡುವಿನ ‘ಬಸ್’ ಪದರ. ಒಂದು ಕಡೆ ಪ್ರೊಸೆಸರ್, ಇನ್ನೊಂದು ಕಡೆ ಸ್ಪೀಕರಿನ ಚಿಪ್, ಯಾವ ಕಂಪನಿಯದಾದರೇನು.

ಪರೀಕ್ಷೆಗೆ ತಡವಾಗಲಿಲ್ಲ. ವಿನೋದ್ ಕೌಲ್ ಇಂಟೆಲ್ ಬಿಟ್ಟು ಲಿನಾರೊ ಎಂಬ ಸಂಸ್ಥೆ ಸೇರಿದರು. ಸೌಂಡ್‌ವೈರ್‌ನ ಉಸ್ತುವಾರಿ ಮಾತ್ರ ಬಿಡಲಿಲ್ಲ. ಅದೇ ಲಿನಾರೊದ ಶ್ರೀನಿವಾಸ್ ಕಂದಗಟ್ಲ ಬರೆದ ಕ್ವಾಲ್‌ಕಾಮ್ ನಿಯಂತ್ರಕದ ಡ್ರೈವರ್ 2020ರಲ್ಲಿ ಕರ್ನೆಲ್ ಸೇರಿತು. ಇಂಟೆಲ್‌ನ ಪಿಯರ್-ಲೂಯಿ ಬೊಸಾರ್ ಲ್ಯಾಪ್‌ಟಾಪುಗಳ ಕಡೆಯ ಕೋಡನ್ನು ವರ್ಷಗಟ್ಟಲೆ ತಿದ್ದಿದರು. 2023ರಲ್ಲಿ ಇಂಟೆಲ್‌ನ ನೇರ ಎದುರಾಳಿ ಎಎಂಡಿಯ ಡ್ರೈವರೂ ಅದೇ ಕಡತಕೋಶಕ್ಕೆ ಬಂತು.

ತಂಟೆ ಮುಗಿದಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೊದಲು ಓಡುವ ಬಯಾಸ್ ತಂತ್ರಾಂಶ, ಇಲ್ಲದ ಚಿಪ್ಪನ್ನು ಇದೆ ಎಂದು ಹೇಳುತ್ತದೆ. ಡ್ರೈವರ್ ಬರೆಯುವವರು ಅವಕ್ಕೆ ಭೂತಗಳೆಂದೇ ಹೆಸರಿಟ್ಟಿದ್ದಾರೆ. ಇನ್ನು ಕೆಲವು ಕಡೆ ಚಿಪ್ ಇದೆ, ವಿಳಾಸ ತಪ್ಪು. ಯಾವ ಮಾದರಿಯಲ್ಲಿ ಯಾವ ವಿಳಾಸ ತಿದ್ದಬೇಕೆಂದು ಬರೆದಿಡಲು ಬೇರೆಯೇ ಒಂದು ಕಡತವಿದೆ. ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗರು ಕರ್ನೆಲ್ ಕೋಡ್ ಎಲ್ಲಿಂದ ಓದಲು ಶುರುಮಾಡಲಿ ಎಂದು ಕೇಳಿದರೆ ನಾನು ತೋರಿಸುವುದು ಆ ಕಡತವನ್ನೇ. ಸಣ್ಣದು, ಒಮ್ಮೆ ಕೂತರೆ ಮುಗಿಯುತ್ತದೆ.